ತಂತ್ರಾಂಶ ಪರೀಕ್ಷಕರ ಸಮಾವೇಶ: ಒಂದು ಪರಿಚಯ

'ಪರೀಕ್ಷೆ' ಎಂಬ ಶಬ್ದವನ್ನು ಶಾಲೆಯ ಆವರಣದಲ್ಲಿ ಉಚ್ಚರಿಸಿದರೆ ಸಾಕು, ಪ್ರಶ್ನಪತ್ರಿಕೆ, ಗಂಟೆಯ ನಾದ, ಅಂಕಪಟ್ಟಿಗಳೇ ಕಣ್ಣೆದುರು ಬಂದು ನಿಲ್ಲುತ್ತವೆ. ಶಬ್ದದ ಮೂಲಾರ್ಥವಾದರೋ ಇದಕ್ಕಿಂತ ವಿಶಾಲವಾದುದು. 'ಪರಿ' ಎಂದರೆ ಸುತ್ತಲೂ. 'ಈಕ್ಷಾ' ಎಂದರೆ ನೋಟ. ಒಂದು ವಸ್ತುವನ್ನು ಎಲ್ಲ ಪಾರ್ಶ್ವಗಳಿಂದಲೂ ನೋಡಿ ಅದರ ನಿಜವನ್ನು ನಿರ್ಣಯಿಸುವುದೇ ಪರೀಕ್ಷೆ. ಅಕ್ಕಸಾಲಿಗನು ಚಿನ್ನವನ್ನು ಒರೆಗಲ್ಲಿಗೆ ಹಚ್ಚುವುದೂ, ಕುಂಬಾರನ ಅಂಗಡಿಯಲ್ಲಿ ಗೃಹಿಣಿ ಮಡಕೆಯನ್ನು ಬೆರಳಿನಿಂದ ಬಾರಿಸಿ ನೋಡುವುದೂ ಈ ಅರ್ಥದಲ್ಲಿ ಪರೀಕ್ಷೆಗಳೇ. ಇಂಥ ಪರೀಕ್ಷೆಯನ್ನೇ ಕಾಯಕವಾಗಿ ಕೈಕೊಂಡ ಒಂದು ದೊಡ್ಡ ವರ್ಗವು ಕಳೆದ ಕೆಲವು ದಶಕಗಳಲ್ಲಿ ಬೆಂಗಳೂರಿನಲ್ಲಿ ಬೆಳೆದುಬಂದಿದೆ. ಶ್ರೀಮಠದ ಪ್ರಸಾದನಿಲಯದಲ್ಲಿ ಉಂಡು, ಈ ಶಾಲೆಯಲ್ಲಿ ಕಲಿತು ಹೋದವರಲ್ಲಿ ಹಲವರು ಆ ವರ್ಗಕ್ಕೆ ಸೇರಿದ್ದಾರೆ. ಊರಿಗೆ ಬಂದಾಗ ಏನು ಉದ್ಯೋಗವೆಂದು ವಿಚಾರಿಸಿದರೆ 'ಟೆಸ್ಟಿಂಗ್, ಗುರುಗಳೇ' ಎಂದಷ್ಟೇ ನುಡಿದು ಸುಮ್ಮನಾಗುತ್ತಾರೆ. ಆ ಒಂದು ಮಾತಿನ ಹಿಂದೆ ಇರುವ ವಿದ್ಯೆ ಯಾವುದು, ಆ ವಿದ್ಯೆಯವರು ಕೂಡಿ ನಡೆಸುವ ಸಮಾವೇಶಗಳು ಎಂಥವು ಎಂಬುದನ್ನು, ಅವರಿಂದಲೂ ಗ್ರಂಥಗಳಿಂದಲೂ ತಿಳಿದುಕೊಂಡ ಮಟ್ಟಿಗೆ, ಈ ಸಂಚಿಕೆಯ ವಾಚಕರ ಮುಂದಿಡುವುದು ಪ್ರಸ್ತುತ ಲೇಖನದ ಉದ್ದೇಶ.

ಗಣಕಯಂತ್ರವನ್ನು ನಡೆಸುವ ಆಜ್ಞಾಸಮೂಹಕ್ಕೆ ಸಾಫ್ಟ್‌ವೇರ್ ಎಂದು ಹೆಸರು. ಕನ್ನಡದಲ್ಲಿ ತಂತ್ರಾಂಶ ಎನ್ನುತ್ತೇವೆ. ರೈಲಿನ ಟಿಕೆಟ್ಟು ಕಾದಿರಿಸುವ, ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವ, ಬ್ಯಾಂಕಿನ ಹಣ ವರ್ಗಾಯಿಸುವ ಜಾಲತಾಣಗಳೆಲ್ಲವೂ ತಂತ್ರಾಂಶಗಳೇ. ಅವನ್ನು ಬರೆಯುವವರು ಒಂದು ಗುಂಪು. ಬರೆದದ್ದು ಸರಿಯಾಗಿ ನಡೆಯುವುದೇ ಎಂದು ನೋಡುವವರು ಇನ್ನೊಂದು ಗುಂಪು. ಈ ಎರಡನೆಯವರ ಕೆಲಸಕ್ಕೆ ಹೊತ್ತು ಕೊಡದಿದ್ದರೆ ಏನಾದೀತೆಂಬುದಕ್ಕೆ ಅಮೆರಿಕ ದೇಶದ ಒಂದು ಪ್ರಸಂಗ ಸಾಕು. ಅಲ್ಲಿಯ ಒಕ್ಕೂಟ ಸರಕಾರವು ಆರೋಗ್ಯವಿಮೆಗಾಗಿ ನಿರ್ಮಿಸಿದ ಜಾಲತಾಣವು 2013ರ ಅಕ್ಟೋಬರ್ 1ರಂದು ತೆರೆಯಿತು. ಮೊದಲ ದಿನ ನೋಂದಣಿಯನ್ನು ಕೊನೆಮುಟ್ಟಿಸಲು ಸಾಧ್ಯವಾದದ್ದು ಆರೇ ಮಂದಿಗೆ! ಬಿಡಿಬಿಡಿ ಭಾಗಗಳನ್ನು ಕೂಡಿಸಿ ಆದ್ಯಂತವಾಗಿ ಪರೀಕ್ಷಿಸುವ ಕಾರ್ಯವು ಉದ್ಘಾಟನೆಗೆ ಮುಂಚಿನ ಎರಡು ವಾರಗಳಲ್ಲಷ್ಟೇ ನಡೆದಿತ್ತೆಂದು ಅದನ್ನು ಕಟ್ಟಿದ ಗುತ್ತಿಗೆದಾರರೇ ಅಲ್ಲಿಯ ಸಂಸತ್ತಿನ ಸಮಿತಿಯ ಮುಂದೆ ನುಡಿದರು.

ಪರೀಕ್ಷೆಗೆ ಯಂತ್ರವೇ ಏಕೆ ಬೇಕಾಯಿತು? ಪದ್ಯರಚನೆಯ ಅಭ್ಯಾಸ ಉಳ್ಳವರಿಗೆ ಇದು ಸುಲಭವಾಗಿ ವೇದ್ಯವಾಗುತ್ತದೆ. ನಾಲ್ಕು ಪಾದಗಳ ಪದ್ಯವೊಂದರಲ್ಲಿ ಮೊದಲ ಪಾದದ ಎರಡನೆಯ ಅಕ್ಷರವನ್ನು ತಿದ್ದಿದರೆ ಉಳಿದ ಮೂರು ಪಾದಗಳ ಪ್ರಾಸವೂ ಕೆಡುತ್ತದೆ. ಒಂದು ಕಡೆಯ ತಿದ್ದುಪಡಿ ಇನ್ನೊಂದು ಕಡೆ ದೋಷವಾಗಿ ತಲೆಯೆತ್ತುತ್ತದೆ. ತಂತ್ರಾಂಶದಲ್ಲಿಯೂ ಹಾಗೆಯೇ, ನಾಲ್ಕು ಪಾದಗಳಿಗೆ ಬದಲು ಲಕ್ಷಾಂತರ ಪಂಕ್ತಿಗಳು ಇರುತ್ತವೆಂಬುದಷ್ಟೇ ವಿಶೇಷ. ಆದುದರಿಂದ ಪ್ರತಿಯೊಂದು ಬದಲಾವಣೆಯ ತರುವಾಯವೂ ಹಿಂದೆ ಸರಿಯಿದ್ದುದೆಲ್ಲವೂ ಈಗಲೂ ಸರಿಯಿದೆಯೇ ಎಂದು ಮೊದಲಿನಿಂದ ನೋಡಬೇಕು. ಹೆಸರು ತುಂಬು, ಗುಪ್ತಪದ ತುಂಬು, ಗುಂಡಿಯನ್ನು ಒತ್ತು, ಫಲವನ್ನು ನೋಡು, ಮತ್ತೆ ಹೆಸರು ತುಂಬು. ಮನುಷ್ಯನ ಕಣ್ಣು ಹತ್ತನೆಯ ಆವೃತ್ತಿಗೇ ಸೋಲುತ್ತದೆ. ಕರಡಚ್ಚು ತಿದ್ದಿದ ಯಾರೂ ಇದನ್ನು ಅಲ್ಲಗಳೆಯಲಾರರು.

ಈ ಬೇಸರದಿಂದಲೇ ಹುಟ್ಟಿದ ಒಂದು ಸಾಧನ ಸೆಲೆನಿಯಂ. 2004ರಲ್ಲಿ ಅಮೆರಿಕದ ಶಿಕಾಗೋ ನಗರದಲ್ಲಿ ಥಾಟ್‌ವರ್ಕ್ಸ್ ಎಂಬ ಸಂಸ್ಥೆಯಲ್ಲಿದ್ದ ಜೇಸನ್ ಹಗ್ಗಿನ್ಸ್ ಎಂಬವರು, ಸಂಸ್ಥೆಯ ನೌಕರರು ತಮ್ಮ ವೇಳೆ ಮತ್ತು ಖರ್ಚುವೆಚ್ಚಗಳನ್ನು ದಾಖಲಿಸುವ ಒಳಬಳಕೆಯ ತಂತ್ರಾಂಶವೊಂದನ್ನು ಪರೀಕ್ಷಿಸುತ್ತಿದ್ದರು. ಒಂದೇ ಬಗೆಯ ಒತ್ತು, ಒಂದೇ ಬಗೆಯ ನೋಟ. ತಾವು ಮಾಡುವುದನ್ನು ಬ್ರೌಸರ್ ತಾನೇ ಮಾಡುವಂತೆ ಅವರು ಒಂದು ಸಣ್ಣ ಪ್ರೋಗ್ರಾಂ ಬರೆದರು. ಅದು ಬ್ರೌಸರಿನ ಒಳಗೇ ಕುಳಿತು ಕೆಲಸ ಮಾಡುತ್ತಿದ್ದುದರಿಂದ ಬ್ರೌಸರಿನ ರಕ್ಷಣಾನಿಯಮಗಳು ಅದಕ್ಕೂ ಅಡ್ಡಬಂದವು. ಅದೇ ಸಂಸ್ಥೆಯ ಸೈಮನ್ ಸ್ಟೂವರ್ಟ್ ಎಂಬವರು ಬ್ರೌಸರನ್ನು ಹೊರಗಿನಿಂದಲೇ ನಡೆಸುವ ವೆಬ್‌ಡ್ರೈವರ್ ಎಂಬ ಬೇರೊಂದು ಸಾಧನವನ್ನು ನಿರ್ಮಿಸಿದರು. ಎರಡನ್ನೂ ಒಂದುಗೂಡಿಸುವ ನಿರ್ಣಯ 2009ರಲ್ಲಿ ಆಯಿತು. ಕೂಡಿದ ರೂಪವು ಸೆಲೆನಿಯಂ 2 ಎಂಬ ಹೆಸರಿನಿಂದ 2011ರಲ್ಲಿ ಹೊರಬಂದಿತು.

ಹೆಸರಿನ ವಿಷಯವನ್ನು ಕನ್ನಡ ಪಂಡಿತನು ಹೇಳದೆ ಬಿಡುವಂತಿಲ್ಲ. ಆಗ ಪರೀಕ್ಷಾಸಾಧನಗಳನ್ನು ಮಾರುತ್ತಿದ್ದ ಪ್ರಬಲ ಕಂಪನಿಯೊಂದರ ಹೆಸರು ಮರ್ಕ್ಯುರಿ, ಎಂದರೆ ಪಾದರಸ. ಪಾದರಸದ ವಿಷಕ್ಕೆ ಸೆಲೆನಿಯಂ ಧಾತುವು ಪ್ರತಿವಿಷವೆಂಬ ಮಾತನ್ನು ಹಿಡಿದು ಹಗ್ಗಿನ್ಸರು ವಿನೋದಕ್ಕಾಗಿ ಆಡಿದ ನುಡಿಯೇ ಸಾಧನಕ್ಕೆ ನಾಮಕರಣವಾಯಿತು. ಧಾತುವಿಗೆ ಆ ಹೆಸರನ್ನಿಟ್ಟವರು 1817ರಲ್ಲಿ ಅದನ್ನು ಕಂಡುಹಿಡಿದ ಸ್ವೀಡನ್ ದೇಶದ ಬರ್ಜೀಲಿಯಸ್; ಗ್ರೀಕ್ ಭಾಷೆಯಲ್ಲಿ ಸೆಲೀನೀ ಎಂದರೆ ಚಂದ್ರ. ಹೀಗೆ ಚಂದ್ರನು ಪಾದರಸವನ್ನು ಅಡಗಿಸಿದನು! ರಸವನ್ನು ಬಂಧಿಸುವ ಮಾತು ನಮ್ಮ ರಸಶಾಸ್ತ್ರಜ್ಞರಿಗೆ ಹೊಸತೇನೂ ಅಲ್ಲ. ಮರ್ಕ್ಯುರಿ ಕಂಪನಿಯನ್ನು 2006ರಲ್ಲಿ ಹೆವ್ಲೆಟ್ ಪ್ಯಾಕರ್ಡ್ ಸಂಸ್ಥೆ ಕೊಂಡುಕೊಂಡಿತು.

ಈ ಸಾಧನದ ಕ್ರಮವನ್ನು ಸ್ಥೂಲವಾಗಿ ವಿವರಿಸಬಹುದು. ಪರೀಕ್ಷಕನು ಮೂರು ಸಂಗತಿಗಳನ್ನು ಬರೆದಿಡುತ್ತಾನೆ: ಪುಟದಲ್ಲಿ ಯಾವ ಅಂಗವನ್ನು ಹುಡುಕಬೇಕು, ಅದರ ಮೇಲೆ ಯಾವ ಕ್ರಿಯೆ ನಡೆಸಬೇಕು, ಫಲ ಏನಾಗಿರಬೇಕು. ಇವುಗಳಲ್ಲಿ ಹುಡುಕುವುದೇ ಕಷ್ಟದ ಕೆಲಸ. ಅಪರಿಚಿತನಿಗೆ ಮನೆಯ ಗುರುತು ಹೇಳುವಾಗ 'ಬಸವಣ್ಣನ ಗುಡಿಯಿಂದ ಎಡಕ್ಕೆ ಮೂರನೆಯ ಮನೆ' ಎನ್ನಬಹುದು. 'ಪಟೇಲರ ಮನೆ' ಎಂದೂ ಹೇಳಬಹುದು. ನಡುವೆ ಹೊಸ ಮನೆಯೊಂದು ಎದ್ದರೆ ಮೊದಲನೆಯ ಗುರುತು ಕೆಟ್ಟಿತು; ಎರಡನೆಯದು ಉಳಿಯಿತು. ಸ್ಥಾನದಿಂದ ಗುರುತಿಸಿದ ಪರೀಕ್ಷೆಗಳು ಪುಟದ ವಿನ್ಯಾಸ ಕೊಂಚ ಬದಲಾದರೂ ಮುರಿದುಬೀಳುತ್ತವೆ. ಹೆಸರಿನಿಂದ ಗುರುತಿಸಿದವು ಬಾಳುತ್ತವೆ. ಈ ಕಾರಣದಿಂದ ಅನುಭವಿಗಳು ಒಂದು ಪುಟದ ಗುರುತುಗಳನ್ನೆಲ್ಲ ಒಂದೇ ಕಡೆ ಹೆಸರಿಟ್ಟು ಬರೆದು, ಮುಂದೆ ಆ ಹೆಸರುಗಳನ್ನೇ ಬಳಸುತ್ತಾರೆ. ನಮ್ಮ ವೈಯಾಕರಣರು ಸಂಜ್ಞೆಗಳನ್ನು ಮೊದಲು ಹೇಳಿ, ಅನಂತರದ ಸೂತ್ರಗಳಲ್ಲಿ ಸಂಜ್ಞೆಯಿಂದಲೇ ವ್ಯವಹರಿಸಿದ್ದು ಇದೇ ಲಾಘವಕ್ಕಾಗಿ. ಈ ಹೋಲಿಕೆಯನ್ನು ಹೇಳಿದಾಗ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಅಚ್ಚರಿಪಟ್ಟನು. ಕೇಶಿರಾಜನ ಸಂಧಿಸೂತ್ರಗಳನ್ನು ಒಲ್ಲೆನೆನ್ನುತ್ತಿದ್ದವನು ಅವನೇ ಎಂಬುದು ನನ್ನ ನೆನಪಿನಲ್ಲಿದೆ.

ಇನ್ನೊಂದು ತೊಡಕು ಕಾಲದ್ದು. ಯಂತ್ರವು ಪುಟಕ್ಕಿಂತ ವೇಗಶಾಲಿ. ಗುಂಡಿ ಮೂಡುವ ಮೊದಲೇ ಅದನ್ನು ಒತ್ತಲು ಹೋಗಿ 'ಇಲ್ಲ' ಎಂದು ವರದಿ ಮಾಡುತ್ತದೆ. ಮರುಕ್ಷಣ ನೋಡಿದರೆ ಗುಂಡಿ ಇರುತ್ತದೆ. ಹೀಗೆ ತಂತ್ರಾಂಶದಲ್ಲಿ ಏನೂ ಬದಲಾಗದಿದ್ದರೂ ಒಮ್ಮೆ ಗೆದ್ದು ಒಮ್ಮೆ ಸೋಲುವ ಪರೀಕ್ಷೆಗಳನ್ನು ಈ ವೃತ್ತಿಯವರು ಫ್ಲೇಕಿ ಎನ್ನುತ್ತಾರೆ. ಚಂಚಲ ಪರೀಕ್ಷೆ ಎನ್ನೋಣ. ಗೂಗಲ್ ಸಂಸ್ಥೆಯೇ 2016ರಲ್ಲಿ ತನ್ನ ಪರೀಕ್ಷೆಗಳ ಪೈಕಿ ಶೇಕಡಾ ಸುಮಾರು 16ರಷ್ಟರಲ್ಲಿ ಇಂಥ ಚಾಂಚಲ್ಯವು ಒಂದಿಷ್ಟಾದರೂ ಇದೆಯೆಂದು ಪ್ರಕಟಿಸಿತು. ಇದರ ಕೇಡು ದೊಡ್ಡದು. ಪದೇ ಪದೇ ಸುಳ್ಳು ಕೂಗುವ ಕಾವಲುಗಾರನ ಮಾತನ್ನು ಊರವರು ಕೇಳುವುದನ್ನೇ ಬಿಡುತ್ತಾರೆ. ಕಳ್ಳನು ನಿಜವಾಗಿ ಬಂದ ರಾತ್ರಿಯೂ ಯಾರೂ ಏಳುವುದಿಲ್ಲ.

ಇಂಥ ತೊಡಕುಗಳನ್ನು ಚರ್ಚಿಸಲೆಂದು ಕೂಡುವ ವಿದ್ವತ್ಸಭೆಯೇ ಸೆಲೆನಿಯಂ ಸಮಾವೇಶ. ಮೊದಲನೆಯದು 2011ರಲ್ಲಿ ಸಾನ್ ಫ್ರಾನ್ಸಿಸ್ಕೋದಲ್ಲಿ, ಮುಂದೆ ಲಂಡನ್, ಬಾಸ್ಟನ್ ನಗರಗಳಲ್ಲಿ ನಡೆದು, 2014ರ ಸೆಪ್ಟೆಂಬರಿನಲ್ಲಿ ಬೆಂಗಳೂರಿಗೆ ಬಂದಿತು. ತಿರುಗಿ 2016 ಮತ್ತು 2018ರಲ್ಲಿಯೂ ಬೆಂಗಳೂರೇ ಅದಕ್ಕೆ ಆತಿಥ್ಯ ನೀಡಿತು. ಜಗತ್ತಿನ ನಾನಾ ದೇಶಗಳ ಪರೀಕ್ಷಕರು ಕನ್ನಡನಾಡಿನ ರಾಜಧಾನಿಗೆ ಮೂರು ಬಾರಿ ಬಂದು ಹೋದರು. ನಮ್ಮ ಪತ್ರಿಕೆಗಳ ಪುಟಗಳಲ್ಲಿ ಈ ವಾರ್ತೆ ನನ್ನ ಕಣ್ಣಿಗೆ ಬಿದ್ದ ನೆನಪಿಲ್ಲ. ಹೊಸಬರಿಗಾಗಿ ಕಲಿಸುವ ಕಮ್ಮಟಗಳು, ಅನಂತರ ಉಪನ್ಯಾಸಗಳು, ಪ್ರಶ್ನೋತ್ತರಗಳು ಎಂಬುದು ಇವುಗಳ ಸಾಮಾನ್ಯ ಕ್ರಮ. ಸಾಧನವನ್ನು ನಿರ್ಮಿಸಿದವರೂ ಬಳಸುವವರೂ ಒಂದೇ ಸಭೆಯಲ್ಲಿ ಕುಳಿತು, ಬಳಸುವವನು ಎದ್ದು ಇದು ಹೀಗೇಕೆ ಎಂದು ನಿರ್ಮಾಪಕನನ್ನೇ ಕೇಳಬಹುದು. ವಾಕ್ಯಾರ್ಥಗೋಷ್ಠಿಗಳಲ್ಲಿ ಪೂರ್ವಪಕ್ಷಕ್ಕೆ ಇರುವ ಗೌರವ ಇಲ್ಲಿಯೂ ಇದೆ. ಉಪನ್ಯಾಸಗಳ ಮುದ್ರಿಕೆಗಳು ಯೂಟ್ಯೂಬಿನಲ್ಲಿ ಉಚಿತವಾಗಿ ದೊರೆಯುತ್ತವೆ.

ಉಚಿತ ಎಂದೆ. ಸೆಲೆನಿಯಂ ಸಾಧನವೂ ಉಚಿತವೇ; ಅದರ ಮೂಲಬರಹ ಎಲ್ಲರಿಗೂ ತೆರೆದಿದೆ. ಅನೇಕರು ಸ್ವಂತ ವೇಳೆಯನ್ನು ವ್ಯಯಿಸಿ ಅದನ್ನು ಪೋಷಿಸುತ್ತ ಬಂದಿದ್ದಾರೆ. ಇದನ್ನು ದಾಸೋಹವೆಂದು ಕರೆಯಲು ಮನಸ್ಸು ಎಳೆಯುತ್ತದೆಯಾದರೂ ನಾನು ಹಾಗೆ ಕರೆಯಲಾರೆ. ಶರಣರ ದಾಸೋಹದಲ್ಲಿ ಅರ್ಪಣಭಾವವೇ ಪ್ರಾಣ. ಇಲ್ಲಿ ದೊಡ್ಡ ದೊಡ್ಡ ಕಂಪನಿಗಳ ಅನುಕೂಲವೂ ಸೇರಿಕೊಂಡಿದೆ. ಆದರೂ ಒಬ್ಬನ ಶ್ರಮದ ಫಲ ಸಮೂಹದ ಸೊತ್ತಾಗುವ ಈ ಪದ್ಧತಿ ಶ್ಲಾಘ್ಯವೆನ್ನಲು ಅಡ್ಡಿಯಿಲ್ಲ. ಇದರಿಂದ ಆದ ಪ್ರಯೋಜನವೂ ಅಲ್ಪವಲ್ಲ. ಬ್ರೌಸರುಗಳನ್ನು ನಿರ್ಮಿಸುವವರು ಪರಸ್ಪರ ಪ್ರತಿಸ್ಪರ್ಧಿಗಳಾದ ಗೂಗಲ್, ಮೊಜಿಲ್ಲಾ, ಆಪಲ್, ಮೈಕ್ರೋಸಾಫ್ಟ್ ಸಂಸ್ಥೆಗಳು. ಬ್ರೌಸರನ್ನು ಹೊರಗಿನಿಂದ ನಡೆಸುವ ಆಜ್ಞೆಗಳು ಎಲ್ಲರಲ್ಲಿಯೂ ಒಂದೇ ತೆರನಾಗಿರಬೇಕೆಂಬ ವೆಬ್‌ಡ್ರೈವರ್ ವಿಧಿಯನ್ನು ಜಾಲದ ಮಾನಕಗಳನ್ನು ರೂಪಿಸುವ ಡಬ್ಲ್ಯು3ಸಿ ಒಕ್ಕೂಟವು 2018ರ ಜೂನ್ 5ರಂದು ಅಂಗೀಕರಿಸಿತು. ಒಬ್ಬನ ಬೇಸರದಿಂದ ಹೊರಟದ್ದು ಹದಿನಾಲ್ಕು ವರ್ಷಗಳಲ್ಲಿ ಸರ್ವಸಮ್ಮತ ಶಾಸ್ತ್ರವಾಯಿತು.

ಈ ವೃತ್ತಿಯ ಸಭೆಗಳಲ್ಲಿ ಬಹುಕಾಲದಿಂದ ನಡೆದುಬಂದ ಒಂದು ವಾದವಿದೆ. ಯಂತ್ರವು ಮಾಡುವುದು ಪರೀಕ್ಷೆಯೇ ಹೌದೇ? ಮೈಕೆಲ್ ಬೋಲ್ಟನ್ ಎಂಬ ಪರೀಕ್ಷಾತಜ್ಞರು 2009ರಲ್ಲಿ ಇವೆರಡನ್ನೂ ಬೇರ್ಪಡಿಸಿದರು. ಮೊದಲೇ ಗೊತ್ತುಮಾಡಿದ ಫಲಕ್ಕೂ ಬಂದ ಫಲಕ್ಕೂ ಹೊಂದಿಕೆ ಇದೆಯೇ ಎಂದು ನೋಡುವುದು ಒಂದು. ಗೊತ್ತಿಲ್ಲದುದನ್ನು ಅರಸಿ, ಪ್ರಶ್ನಿಸಿ, ವಿವೇಚಿಸಿ ಕಂಡುಕೊಳ್ಳುವುದು ಇನ್ನೊಂದು. ಮೊದಲನೆಯದನ್ನು ನಾವು 'ತಾಳೆ ನೋಡುವುದು' ಎನ್ನಬಹುದು. (ಈ ತಾಳೆಗೂ ತಾಳೆಗರಿಗೂ ನಂಟು ಕಲ್ಪಿಸಲು ನಾನು ಹೋಗುವುದಿಲ್ಲ.) ಎರಡನೆಯದೇ ಪರಿ-ಈಕ್ಷೆ. ಯಂತ್ರವು ತಾಳೆ ನೋಡಬಲ್ಲುದು, ಪರೀಕ್ಷಿಸಲಾರದು.

ಛಂದಸ್ಸನ್ನು ಬಲ್ಲವರಿಗೆ ಈ ಭೇದವು ಅಂಗೈ ನೆಲ್ಲಿ. ಕಂದಪದ್ಯದ ಲಕ್ಷಣವನ್ನೇ ನೋಡೋಣ. ಒಂದನೆಯ ಮತ್ತು ಮೂರನೆಯ ಪಾದಗಳಲ್ಲಿ ನಾಲ್ಕು ಮಾತ್ರೆಗಳ ಮೂರು ಗಣಗಳು, ಎರಡನೆಯ ಮತ್ತು ನಾಲ್ಕನೆಯ ಪಾದಗಳಲ್ಲಿ ಐದು ಗಣಗಳು, ಒಟ್ಟು 64 ಮಾತ್ರೆಗಳು. ವಿಷಮಸ್ಥಾನದಲ್ಲಿ ಜಗಣ ಬರಕೂಡದು. ಆರನೆಯ ಗಣ ಜಗಣವಾಗಲಿ ಸರ್ವಲಘುವಾಗಲಿ ಆಗಿರಬೇಕು. ಪ್ರಸ್ತಾರ ಹಾಕಿದರೆ ಲಕ್ಷಣ ಕೂಡಿತೋ ಇಲ್ಲವೋ ಎಂಬುದು ಖಚಿತವಾಗಿ ತಿಳಿಯುತ್ತದೆ. ಇದು ಸಂಪೂರ್ಣವಾಗಿ ಯಾಂತ್ರಿಕವಾದ ಕಾರ್ಯ. ಗಣಕಕ್ಕೆ ಒಪ್ಪಿಸಬಹುದು, ಒಪ್ಪಿಸಿದವರೂ ಇದ್ದಾರೆ. ಆದರೆ ಅರ್ಥವೇ ಇಲ್ಲದ ಅಕ್ಷರಮಾಲೆಯೊಂದು 64 ಮಾತ್ರೆಗಳಿಗೆ ಸರಿಹೊಂದಿದರೆ ಪ್ರಸ್ತಾರವು ಅದನ್ನು ಕಂದವೆಂದೇ ಒಪ್ಪುತ್ತದೆ. ಮತ್ತೊಂದು ಬಗೆಯ ಪ್ರಮಾದವೂ ಉಂಟು. ಹಳಗನ್ನಡದಲ್ಲಿ ರೇಫಾದಿಗಳು ಕೂಡಿದ ಕೆಲವು ಒತ್ತಕ್ಷರಗಳನ್ನು ತೇಲಿಸಿ ಉಚ್ಚರಿಸುವುದರಿಂದ ಅವುಗಳ ಹಿಂದಿನ ಅಕ್ಷರ ಗುರುವಾಗುವುದಿಲ್ಲ, ಇದೇ ಶಿಥಿಲದ್ವಿತ್ವ. ಇದನ್ನು ತಿಳಿಸಿಕೊಡದ ಯಂತ್ರವು ಮಹಾಕವಿಯ ನಿರ್ದುಷ್ಟ ಪದ್ಯದಲ್ಲಿಯೂ ಛಂದೋಭಂಗವನ್ನು ಕಾಣುತ್ತದೆ. ಒಂದು ಕಡೆ ದೋಷವನ್ನು ಗುಣವೆಂದಿತು, ಇನ್ನೊಂದು ಕಡೆ ಗುಣವನ್ನು ದೋಷವೆಂದಿತು. ಎರಡಕ್ಕೂ ಕಾರಣ ಒಂದೇ: ಹೇಳಿಕೊಟ್ಟದ್ದರ ಆಚೆಗೆ ಅದು ನೋಡಲಾರದು. ಸೆಲೆನಿಯಂ ನಿರ್ಮಾಪಕರು ಇದನ್ನು ಮರೆಮಾಚಿಲ್ಲ. ಮನುಷ್ಯನೋ ಯಂತ್ರವೋ ಎಂದು ಗುರುತಿಸಲು ಒಡ್ಡುವ ಕ್ಯಾಪ್ಚಾ ಮೊದಲಾದ ಕೆಲವಕ್ಕೆ ತಮ್ಮ ಸಾಧನವನ್ನು ಬಳಸಬಾರದೆಂದು ತಮ್ಮ ಕೈಪಿಡಿಯಲ್ಲೇ ಪಟ್ಟಿ ಕೊಟ್ಟಿದ್ದಾರೆ. ತನ್ನ ಸರಕಿನ ಮಿತಿಯನ್ನು ತಾನೇ ಹೇಳುವ ವರ್ತಕನು ಅಪರೂಪ.

ಈ ವಾದವು ಕೇವಲ ಪಾಂಡಿತ್ಯದ್ದಲ್ಲ; ನಮ್ಮ ಹುಡುಗರ ಅನ್ನದ ಪ್ರಶ್ನೆ ಇದರಲ್ಲಿ ಅಡಗಿದೆ. ಕೈಯಿಂದಲೇ ಪುಟಗಳನ್ನು ಪರೀಕ್ಷಿಸುವ ಕೆಲಸದಿಂದ ವೃತ್ತಿಯನ್ನು ಆರಂಭಿಸಿದವರು ಅವರಲ್ಲಿ ಬಹುಮಂದಿ. ಪುನರಾವೃತ್ತಿಯ ಆ ಕೆಲಸವನ್ನು ಯಂತ್ರವು ನುಂಗುತ್ತಿದೆ. ಈಚಿನ ವರ್ಷಗಳಲ್ಲಿ ಕೃತಕ ಬುದ್ಧಿಮತ್ತೆಯು ಪರೀಕ್ಷಾವಿಧಿಗಳನ್ನೂ ಬರೆದುಕೊಡತೊಡಗಿದೆ. ಹಾಗಾದರೆ ಉಳಿಯುವುದೇನು? ಫಲ ಏನಾಗಿರಬೇಕೆಂದು ನಿರ್ಣಯಿಸುವ ತಿಳಿವಳಿಕೆ. ಆ ತಿಳಿವಳಿಕೆ ಆಯಾ ವಿಷಯದ್ದು, ಆಯಾ ಭಾಷೆಯದ್ದು. ಈ ಎರಡನೆಯ ಅಂಶದಲ್ಲಿ ಕನ್ನಡ ಶಾಲೆಯಲ್ಲಿ ಕಲಿತವರಿಗೆ ಇತರರಿಗಿಲ್ಲದ ಬಂಡವಾಳವಿದೆಯೆಂಬುದು ನನ್ನ ದೃಢವಾದ ಮತ.

ಒಂದು ಉದಾಹರಣೆ. ಸಂಗಮೇಶನೆಂಬ ವಿದ್ಯಾರ್ಥಿಯ ಹೆಸರನ್ನು ಶಾಲೆಯಲ್ಲಿ ಅನುಸ್ವಾರದ ಬಿಂದುವನ್ನಿಟ್ಟು ಬೆರಳಚ್ಚು ಮಾಡಿದ್ದಾರೆ, ಇನ್ನೊಂದು ಕಚೇರಿಯಲ್ಲಿ ಅವಸರದಿಂದ ಕನ್ನಡ ಅಂಕಿಯ ಸೊನ್ನೆಯನ್ನು ಒತ್ತಿದ್ದಾರೆ ಎಂದಿಟ್ಟುಕೊಳ್ಳೋಣ. 'ಸಂಗಮೇಶ', 'ಸ೦ಗಮೇಶ'. ಕಣ್ಣಿಗೆ ಎರಡೂ ಒಂದೇ. ಗಣಕಕ್ಕೆ ಹಾಗಲ್ಲ. ಲೋಕದ ಲಿಪಿಗಳ ಅಕ್ಷರಗಳಿಗೆಲ್ಲ ಸಂಖ್ಯೆ ಕೊಟ್ಟಿರುವ ಯೂನಿಕೋಡ್ ಪದ್ಧತಿಯಲ್ಲಿ ಕನ್ನಡದ ಅನುಸ್ವಾರದ ಸಂಖ್ಯೆ 3202, ಸೊನ್ನೆಯ ಸಂಖ್ಯೆ 3302. ಸರಿಯಾಗಿ ನೂರರ ಅಂತರ! ಎರಡು ದಾಖಲೆಗಳು ತಾಳೆಯಾಗವು. ಹುಡುಗನ ವಿದ್ಯಾರ್ಥಿವೇತನ ನಿಲ್ಲುತ್ತದೆ. ತಪ್ಪೆಲ್ಲಿದೆ ಎಂದು ತಂದೆ ಎಷ್ಟು ಕಚೇರಿಗಳ ಮೆಟ್ಟಿಲು ಹತ್ತಿದರೂ ಕಾಗದವನ್ನು ನೋಡುವ ಯಾವ ಗುಮಾಸ್ತನ ಕಣ್ಣಿಗೂ ಅದು ಕಾಣದು. ಇಲ್ಲಿ ಯಂತ್ರದ ಕಣ್ಣೇ ಸೂಕ್ಷ್ಮ. ಆದರೆ ಸೊನ್ನೆ ಬಿಂದುಗಳನ್ನು ಜನರು ಬದಲಾಯಿಸಿ ಒತ್ತುತ್ತಾರೆಂದು ಊಹಿಸಿ, ಹಾಗೆ ಒತ್ತಿದರೆ ಅರ್ಜಿಯ ಪುಟವು ಎಚ್ಚರಿಸುವುದೇ ಎಂದು ನೋಡುವ ಪರೀಕ್ಷೆಯನ್ನು ಬರೆಯಬೇಕಾದವನು ಕನ್ನಡವನ್ನು ಬಲ್ಲವನೇ.

ಇಂಥವು ಇನ್ನೂ ಇವೆ. 'ಸ್ತ್ರೀ' ನಮಗೆ ಒಂದೇ ಅಕ್ಷರ. ಗಣಕದಲ್ಲಿ ಆರು ಸಂಕೇತಗಳು. ಹೆಸರಿಗೆ ಇಷ್ಟೇ ಅಕ್ಷರವೆಂದು ಮಿತಿ ಹಾಕಿದ ಅರ್ಜಿಯಲ್ಲಿ ಒತ್ತಕ್ಷರಗಳುಳ್ಳ ಹೆಸರು ನಡುವಿನಲ್ಲೇ ತುಂಡಾಗುವುದು ಇದರಿಂದ. 'ಕೊ' ಎಂಬುದರ ಒಕಾರವನ್ನು ಒಂದೇ ಚಿಹ್ನೆಯಾಗಿಯೂ, ಎತ್ವ ಮತ್ತು ಊಕಾರದ ಕೊಂಬು ಎಂಬ ಎರಡು ಚಿಹ್ನೆಗಳಾಗಿಯೂ ಶೇಖರಿಸಬಹುದು. ಇವೆರಡನ್ನು ಸಮವೆಂದು ಎಣಿಸುವ ವಿಧಿ ಯೂನಿಕೋಡಿನಲ್ಲಿದೆ, ಅದನ್ನು ಅನ್ವಯಿಸದ ತಂತ್ರಾಂಶ ಬೇರೆಬೇರೆ ಎನ್ನುತ್ತದೆ. ಸೊನ್ನೆಗೂ ಬಿಂದುವಿಗೂ ಆ ವಿಧಿಯ ಆಶ್ರಯವೂ ಇಲ್ಲ.

ಕೊನೆಯದಾಗಿ ೞಕಾರದ ಮಾತು. ಕೇಶಿರಾಜನು ವಿಸ್ತಾರವಾಗಿ ವಿವೇಚಿಸಿರುವ, ಹಳಗನ್ನಡದ ವಿದ್ಯಾರ್ಥಿಗೆ ಅನಿವಾರ್ಯವಾದ ಈ ಅಕ್ಷರಕ್ಕೆ ಯೂನಿಕೋಡಿನಲ್ಲಿ ಸ್ಥಾನವಿದೆ. ಆದರೆ ಅಲ್ಲಿ ಅದಕ್ಕೆ ಇಟ್ಟ ಅಧಿಕೃತ ನಾಮಧೇಯ 'ಕನ್ನಡ ಲೆಟರ್ ಫಾ'! ಒಮ್ಮೆ ಇಟ್ಟ ಹೆಸರನ್ನು ಎಂದಿಗೂ ಬದಲಿಸಕೂಡದೆಂಬುದು ಆ ಪದ್ಧತಿಯ ನಿಯಮ. ಆದಕಾರಣ ತಪ್ಪು ಹೆಸರು ಹಾಗೆಯೇ ಉಳಿದು, ಪಕ್ಕದಲ್ಲಿ ಸರಿಯಾದುದನ್ನು ತಿದ್ದುಪಡಿಯ ನಾಮಾಂತರವಾಗಿ ಸೇರಿಸಿದ್ದಾರೆ. ಗಣಕದಲ್ಲಿ ೞ ಬರೆದರೆ ೞವೇ ಮೂಡುತ್ತದೆ, ಅಚ್ಚಿನಲ್ಲಿಯೂ ಸರಿಯಾಗಿ ಬರುತ್ತದೆ. ಎಷ್ಟು ಸಾವಿರ ಸ್ವಯಂಚಾಲಿತ ಪರೀಕ್ಷೆಗಳನ್ನು ನಡೆಸಿದರೂ ಎಲ್ಲವೂ ಹಸಿರನ್ನೇ ತೋರುತ್ತವೆ. ಅದು ಫಕಾರವಲ್ಲವೆಂದು ಹೇಳಲು ಹಳಗನ್ನಡ ಓದಿದವನೊಬ್ಬನು ಬೇಕಾಗಿತ್ತು.

ಹಳೆಯ ವಿದ್ಯಾರ್ಥಿಗಳ ಕೋರಿಕೆಯಂತೆ, ಜಾಲತಾಣಗಳನ್ನು ಪರೀಕ್ಷಿಸುವವರಿಗೆ ಉಪಯುಕ್ತವಾಗುವ ಇನ್ನೂರು ಕನ್ನಡ ಪದಗಳ ಪಟ್ಟಿಯೊಂದನ್ನು ಸಿದ್ಧಪಡಿಸಿದ್ದೇನೆ. ಮೂರು ವ್ಯಂಜನಗಳು ಕೂಡಿದ ಒತ್ತಕ್ಷರಗಳು, ಅರ್ಕಾವತ್ತು, ವಿಸರ್ಗ, ಱ ೞಗಳು, 'ಸಾಫ್ಟ್‌ವೇರ್' ಎಂಬಂತೆ ನಡುವೆ ಕಣ್ಣಿಗೆ ಕಾಣದ ಚಿಹ್ನೆಯನ್ನು ಬೇಡುವ ಅನ್ಯದೇಶ್ಯಗಳು ಅದರಲ್ಲಿವೆ. ಪಟ್ಟಿಯನ್ನು ಶಾಲೆಯ ಗ್ರಂಥಾಲಯದಲ್ಲಿ ಇರಿಸಲಾಗಿದೆ. ಬೇಕಾದವರು ಪ್ರತಿ ಮಾಡಿಕೊಳ್ಳಬಹುದು.